ಹಾಳೆಯಲ್ಲಿ ಹರಡಿದ ಪರ್ಬ

ನಯವಾಗಿ ಬೀಸಿದ ಅಕ್ಕಿಹಿಟ್ಟಿನ ಮೇಲೆ ಬೆರಳ ತುದಿಯಿಟ್ಟು, ಕಣ್ಣು ಮುಚ್ಚಿ, ಚೂರೂ ಅಲುಗಿಸದೆ ಕುಳಿತುಕೊಳ್ಳಿ. ಬೆರಳಡಿಯಲ್ಲಿ ಏನೋ ಇದೆ ಎಂಬುದಷ್ಟೇ ತಿಳಿಯುತ್ತದೆ. ಅದು ಹಿಟ್ಟೋ, ರಂಗೋಲಿ ಹುಡಿಯೋ, ಮೆತ್ತನೆಯ ಬಟ್ಟೆಯೋ ಎಂದು ಹೇಳಲು ಬರುವುದಿಲ್ಲ. ಈಗ ಬೆರಳನ್ನು ಭತ್ತದ ಕಾಳಿನಷ್ಟು ದೂರ ಎಳೆಯಿರಿ. ಕೂಡಲೇ ಗೊತ್ತಾಗಿಬಿಡುತ್ತದೆ.

ಜರ್ಮನಿಯ ಮನೋವಿಜ್ಞಾನಿ ಡೇವಿಡ್ ಕಾಟ್ಜ್ ಈ ಸಂಗತಿಯನ್ನು 1925ರಲ್ಲಿ ಸ್ಪರ್ಶಲೋಕದ ಬಗ್ಗೆ ಬರೆದ ತನ್ನ ಪುಸ್ತಕದಲ್ಲಿ ಒತ್ತಿ ಹೇಳಿದ. ಬೆಳಕು ಕಣ್ಣಿಗೆ ಎಷ್ಟು ಮುಖ್ಯವೋ ಚಲನೆ ಬೆರಳಿಗೆ ಅಷ್ಟೇ ಮುಖ್ಯ ಎಂಬುದು ಅವನ ನಿಲುವು. ಅವನ ಊಹೆಯನ್ನು ಮುಂದೆ ಅಮೆರಿಕದ ಮಾರ್ಕ್ ಹಾಲಿನ್ಸ್ ಮತ್ತು ಜೊತೆಗಾರರು ಪ್ರಯೋಗಗಳಿಂದ ಗಟ್ಟಿಗೊಳಿಸಿದರು. ಒಂದು ಮಿಲಿಮೀಟರಿನ ಐದನೇ ಒಂದು ಪಾಲಿಗಿಂತ ದಪ್ಪವಾದ ತರಿಯನ್ನು ಬೆರಳು ನಿಂತಲ್ಲೇ ಗುರುತಿಸಬಲ್ಲದು. ಅದಕ್ಕಿಂತ ನುಣುಪಾದುದು ತಿಳಿಯಬೇಕಾದರೆ ಬೆರಳು ಜಾರಬೇಕು. ಜಾರುವಾಗ ಚರ್ಮದಲ್ಲಿ ಏಳುವ ಸಣ್ಣ ಕಂಪನವೇ ಅದರ ಸುದ್ದಿಯನ್ನು ಒಳಗೆ ಮುಟ್ಟಿಸುತ್ತದೆ. ಅಕ್ಕಿನುಚ್ಚು ಮೊದಲ ಗುಂಪಿಗೆ ಸೇರಿದರೆ ಅಕ್ಕಿಹಿಟ್ಟು ಎರಡನೆಯದಕ್ಕೆ.

ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದೆಲ್ಲ ಇದರ ಮೇಲೆಯೇ ನಿಂತಿದೆ. ಚಿಕ್ಕ ಮಕ್ಕಳಿಗೆ ವಸ್ತುಗಳನ್ನು ತೋರಿಸಿದರೆ ಸಾಲದು, ಕೊಟ್ಟರೂ ಸಾಲದು. ಕೈ ಅದರೊಳಗೆ ಓಡಾಡಬೇಕು. ಹಾಗೆ ಓಡಾಡುವ ಕೈಗೆ ತಕ್ಕ ಎದುರುತ್ತರ ಕೊಡುವ ವಸ್ತುಗಳೂ ಬೇಕು.

ಪಟ್ಟಣದ ಪ್ಲೇ ಸ್ಕೂಲ್‌ಗಳಲ್ಲಿ ಈಗ ಸೆನ್ಸರಿ ಬಿನ್ ಎಂಬ ಆಟ ರೂಢಿಗೆ ಬಂದಿದೆ. ಅಗಲವಾದ ಒಂದು ಟಬ್ಬಿನಲ್ಲಿ ಅಕ್ಕಿ, ಮರಳು, ಬೇಳೆ, ನೀರು ಇಂಥದ್ದೇನಾದರೂ ತುಂಬಿ, ಅದರೊಳಗೆ ಸಣ್ಣಪುಟ್ಟ ಸಾಮಾನು ಹುದುಗಿಸಿ, ಸೌಟು, ಲೋಟ, ಚಿಮಟ ಕೊಟ್ಟು ಮಗುವನ್ನು ಆಡಲು ಬಿಡುವುದು. ಹಬ್ಬ ಬಂದರೆ ಹಬ್ಬಕ್ಕೆ ತಕ್ಕ ಬಣ್ಣ, ಹಬ್ಬಕ್ಕೆ ತಕ್ಕ ಗೊಂಬೆ. ಬೇರು ಹುಡುಕಿದರೆ ಇದು ಹಳೆಯ ಆಟ. ಬರ್ಲಿನ್ನಿನ ಉದ್ಯಾನಗಳಲ್ಲಿ ಮಕ್ಕಳಿಗಾಗಿ ಮರಳ ರಾಶಿ ಸುರಿಯುತ್ತಿದ್ದುದನ್ನು ಕಂಡ ಮೇರಿ ಜಕ್ರ್ಜೆವ್ಸ್ಕಾ ಎಂಬ ವೈದ್ಯೆ ಆ ಬಗ್ಗೆ ಬಾಸ್ಟನ್ನಿಗೆ ಬರೆದಳು. 1885ರಲ್ಲಿ ಅಲ್ಲಿ ಮರಳ ಅಂಗಳ ತೆರೆಯಿತು. ಮರಿಯಾ ಮಾಂಟೆಸ್ಸರಿ ಒರಟು-ನಯದ ಹಲಗೆ, ಉಪ್ಪುಕಾಗದದ ಅಕ್ಷರ, ಸದ್ದಿನ ಡಬ್ಬಿಗಳನ್ನು ಮಾಡಿಸಿ, 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೆ ಅವುಗಳ ಬಳಕೆ ಕಲಿಸಿದರು. ನಮ್ಮ ಮಗ್ಗುಲಲ್ಲೇ, ಪುತ್ತೂರಿನಲ್ಲಿ, ಶಿವರಾಮ ಕಾರಂತರು 1930ರ ದಶಕದಲ್ಲಿ ಬಾಲವನ ಕಟ್ಟಿ, ಆಟ, ಕುಣಿತ, ನಾಟಕ, ಕೈಕೆಲಸಗಳ ದಾರಿಯಲ್ಲಿ ಕಲಿಕೆಯನ್ನು ನಡೆಸಿ ನೋಡಿದರು.

ಪಾಣೆಮಂಗಳೂರಿನ ನೇತ್ರಾವತಿ ಸೇತುವೆ ದಾಟಿ ಕಲ್ಲಡ್ಕದ ಕಡೆಗೆ ಹೊರಟರೆ ಮೊದಲು ಸಿಗುವ ಪೇಟೆ ಮೆಲ್ಕಾರ್. ಮುಡಿಪು, ಕೊಣಾಜೆಯ ರಸ್ತೆ ಹೆದ್ದಾರಿ 75ರಿಂದ ಕವಲೊಡೆಯುವುದು ಇಲ್ಲೇ. ದೀಪಾವಳಿ ಹತ್ತಿರ ಬಂದಂತೆ ಇಂಥ ಪೇಟೆಗಳಲ್ಲಿ ಹಣತೆ, ಗೂಡುದೀಪ, ಗೊಂಡೆ ಹೂ, ಅವಲಕ್ಕಿ ಇವುಗಳ ವ್ಯಾಪಾರ ಬಿರುಸಾಗುತ್ತದೆ. ತುಳುವರು ಪರ್ಬ ಎಂದೇ ಕರೆಯುವ ಈ ಹಬ್ಬಕ್ಕೆ ಮನೆಗೆ ಬರುವ ಸಾಮಾನನ್ನೊಮ್ಮೆ ಕಣ್ಣೆದುರು ತಂದುಕೊಳ್ಳಿ: ಭತ್ತ, ಬೆಳ್ತಿಗೆ ಅಕ್ಕಿ, ಅವಲಕ್ಕಿ, ಹೊದಳು, ತೆಂಗಿನಕಾಯಿ, ಅರಶಿನ, ಹಿತ್ತಾಳೆ ದೀಪ, ಮಣ್ಣಿನ ಹಣತೆ. ಬಲಿಪಾಡ್ಯದ ಸಂಜೆ ಇವುಗಳಲ್ಲಿ ಕೆಲವು ಗದ್ದೆಗೆ ಹೋಗುತ್ತವೆ, ಬಲೀಂದ್ರನನ್ನು ಕರೆಯುವುದಕ್ಕೆ. ಪ್ಲಾಸ್ಟಿಕ್ ಗೊಂಬೆ ತುಂಬಿದ ಕಿಟ್ಟನ್ನು ಆನ್‌ಲೈನಿನಲ್ಲಿ ತರಿಸುವ ಮೊದಲು ಈ ಸಾಮಾನನ್ನು ನೋಡಬೇಕೆಂದು ನಾನು ಪ್ರತಿ ತಾಯಿತಂದೆಗೂ ಹೇಳುತ್ತೇನೆ. ಹಳೆಯದೆಂಬ ಮಮತೆಗಾಗಿ ಈ ಮಾತು ಹೇಳುತ್ತಿಲ್ಲ. ಪ್ಲಾಸ್ಟಿಕ್ಕಿನ ಹಣತೆ, ಪ್ಲಾಸ್ಟಿಕ್ಕಿನ ಹೂ, ಪ್ಲಾಸ್ಟಿಕ್ಕಿನ ಹಸು ಮೂರೂ ಕಣ್ಣಿಗೆ ಬೇರೆ ಬೇರೆ, ಆದರೆ ಕೈಗೆ ಒಂದೇ: ಒಂದೇ ನಯ, ಒಂದೇ ತಂಪು, ಒಂದೇ ಹಗುರ. ಕೈಗೆ ಅಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ.

ಮೊದಲಿಗೆ ಪಾತ್ರೆ. ಟಬ್ಬಿನ ಬದಲು ಅಗಲವಾದ ಅಡಿಕೆ ಹಾಳೆಯನ್ನೇ ತೆಗೆದುಕೊಳ್ಳಿ. ಕೆಲಹೊತ್ತು ನೀರಲ್ಲಿ ನೆನೆಸಿದರೆ ಅದು ಬಾಗುತ್ತದೆ; ಎರಡೂ ತುದಿ ಮಡಚಿ ಕಟ್ಟಿ ಒಣಗಿಸಿದರೆ ಅಂಚು ಎದ್ದ ಒಳ್ಳೆಯ ತೊಟ್ಟಿಯಾಗುತ್ತದೆ. ಅದರ ಹೊರಮೈಯಲ್ಲಿ ಉದ್ದುದ್ದ ನಾರಿನ ಗೆರೆ, ಒಳಮೈ ನುಣುಪು. ಗೆರೆಯ ದಿಕ್ಕಿಗೆ ಬೆರಳು ಎಳೆದರೆ ಜಾರುತ್ತದೆ, ಅಡ್ಡಕ್ಕೆ ಎಳೆದರೆ ತಡೆಯುತ್ತದೆ. ಒಳಗೆ ಏನೂ ಸುರಿಯುವ ಮೊದಲೇ ಆಟ ಶುರುವಾಗಿಬಿಟ್ಟಿರುತ್ತದೆ.

ಆ ಬೆರಳೊಳಗೆ ಏನಿದೆ? ಒಂದು ಕೈಯ ಅಂಗೈ ಮತ್ತು ಬೆರಳುಗಳ ಒಳಬದಿಯಲ್ಲಿ ಸುಮಾರು 17,000 ಸ್ಪರ್ಶ ನರತಂತುಗಳಿವೆ ಎಂದು ಸ್ವೀಡನ್ನಿನ ಯೊಹಾನ್ಸನ್ ಮತ್ತು ವಾಲ್ಬೊ 1979ರಲ್ಲಿ ಅಂದಾಜು ಮಾಡಿದರು. ಇವು ನಾಲ್ಕು ಬಗೆ. ಮೈಸ್ನರ್ ಕಣಗಳು ಚರ್ಮದ ಮೇಲ್ಪದರಕ್ಕೆ ಹತ್ತಿರವಿದ್ದು, ಕೈಯಲ್ಲಿ ಹಿಡಿದದ್ದು ತುಸು ಜಾರಿದರೂ ಎಚ್ಚರಗೊಳ್ಳುತ್ತವೆ. ಮರ್ಕೆಲ್ ಕೋಶಗಳು ಅಂಚು, ಮೂಲೆ, ಉಬ್ಬುಗಳನ್ನು ಓದುತ್ತವೆ. ಆಳದಲ್ಲಿರುವ ಪಾಸಿನಿ ಕಣಗಳು ಸೆಕೆಂಡಿಗೆ 200-300 ಸಲದ ಕಂಪನಕ್ಕೆ ಬಹಳ ಚುರುಕು. ಅಕ್ಕಿಹಿಟ್ಟಿನ ನುಣುಪನ್ನು ಹೇಳುವುದರಲ್ಲಿ ಇವುಗಳ ಪಾಲು ದೊಡ್ಡದು. ರುಫಿನಿ ತುದಿಗಳು ಚರ್ಮದ ಎಳೆತವನ್ನು ಗಮನಿಸುತ್ತವೆ. ಒತ್ತಡವು ನರದ ವಿದ್ಯುತ್ ಸಂಕೇತವಾಗಿ ಬದಲಾಗುವುದು ಹೇಗೆಂಬುದು ಬಹುಕಾಲ ಒಗಟಾಗಿತ್ತು. ಜೀವಕೋಶದ ಹೊರಪೊರೆ ಎಳೆದಾಗ ಬಾಯಿ ತೆರೆಯುವ ಪಿಯೆಜೊ ಎಂಬ ಪ್ರೋಟೀನುಗಳನ್ನು ಆರ್ಡೆಮ್ ಪಟಪುಟಿಯನ್ ತಂಡ 2010ರಲ್ಲಿ ಪತ್ತೆಮಾಡಿತು. ಬಿಸಿಯ ಅರಿವಿನ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಜೊತೆಗೆ ಅವರಿಗೆ 2021ರ ನೊಬೆಲ್ ಬಹುಮಾನ ಬಂತು.

ಎಷ್ಟು ಸೂಕ್ಷ್ಮ ಈ ಉಪಕರಣ! ಸ್ಟಾಕ್‌ಹೋಮಿನ ಸಂಶೋಧಕರು 2013ರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸುಕ್ಕುಗಳಿರುವ ಹಾಳೆಗಳನ್ನು ಮಾಡಿ ಜನರಿಂದ ಮುಟ್ಟಿಸಿದರು. ಹದಿಮೂರು ನ್ಯಾನೋಮೀಟರ್ ಎತ್ತರದ ಸುಕ್ಕಿಗೂ ನಯವಾದ ಮೈಗೂ ಇರುವ ಅಂತರವನ್ನು ಜಾರುವ ಬೆರಳು ಗುರುತಿಸಿತು. ಕೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಒಂದು ಪಾಲು ಅಷ್ಟಾದೀತು. ಇನ್ನೊಂದು ಸಂಗತಿ ನನಗೆ ಇನ್ನೂ ಹೆಚ್ಚು ಇಷ್ಟ. ಬೆರಳ ತುದಿ ಚಿಕ್ಕದಾದಷ್ಟೂ ಅದರ ಸ್ಪರ್ಶ ಹರಿತ ಎಂದು ಕೆನಡಾದ ಡೇನಿಯಲ್ ಗೋಲ್ಡ್‌ರೈಕ್ ತಂಡ 2009ರಲ್ಲಿ ತೋರಿಸಿತು. ಸಣ್ಣ ಜಾಗದಲ್ಲಿ ಗ್ರಾಹಕಗಳು ಒತ್ತೊತ್ತಾಗಿ ಕೂತಿರುವುದೇ ಅದಕ್ಕೆ ಕಾರಣವೆಂದು ಅವರ ವಿವರಣೆ.

ಹಾಳೆಗೆ ಈಗ ಭತ್ತ ಸುರಿಯೋಣ. ಗದ್ದೆಯಿಂದ ಬಂದ ಭತ್ತವನ್ನು ಹಾಗೆಯೇ ಸುರಿಯಬಾರದು. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೇರಳ, ಮೇಲೆ ಸಣ್ಣ ರೋಮಗಳೂ ಇರುತ್ತವೆ. ಒಕ್ಕಲು ಮಾಡಿದವರ ಮೈ ತುರಿಸುವುದು ಅದರಿಂದಲೇ. ಗೆರಸೆಯಲ್ಲಿ ಚೆನ್ನಾಗಿ ಗಾಳಿ ಹಾಕಿ, ಧೂಳು, ಜೊಳ್ಳು ಹಾರಿಸಿ, ಬಿಸಿಲಿಗೆ ಹಾಕಿ ತೆಗೆದುಕೊಳ್ಳಬೇಕು. ಪಕ್ಕದಲ್ಲಿ ಒಂದು ಬಟ್ಟಲು ಕುಚ್ಚಲಕ್ಕಿ, ಇನ್ನೊಂದರಲ್ಲಿ ಬೆಳ್ತಿಗೆ. ಬೆಳ್ತಿಗೆಯಲ್ಲಿ ಕೈಯಾಡಿಸಿದ ಮಗುವಿನ ಬೆರಳಿಗೆ ಬಿಳಿ ಹುಡಿ ಅಂಟುತ್ತದೆ. ಕುಚ್ಚಲಕ್ಕಿಯಲ್ಲಿ ಹಾಗಾಗುವುದಿಲ್ಲ. ಭತ್ತವನ್ನು ಬೇಯಿಸಿ ಒಣಗಿಸುವಾಗ ಕಾಳಿನ ಒಳಗಿನ ಪಿಷ್ಟ ಕರಗಿ, ಬಿರುಕುಗಳು ಬೆಸೆದು, ಕಾಳು ಗಾಜಿನಂತೆ ಗಟ್ಟಿಯಾಗಿರುತ್ತದೆ. ಮಗುವಿಗೆ ಇದನ್ನೆಲ್ಲ ವಿವರಿಸುವುದು ಬೇಡ. ಎರಡು ಅಕ್ಕಿ ಬೇರೆ ಬೇರೆ ಎಂದು ಅದರ ಬೆರಳು ಕಂಡುಕೊಂಡರೆ ಮುಗಿಯಿತು.

ಕಾಳಿನ ರಾಶಿ ವಿಚಿತ್ರ ವಸ್ತು. ಸುರಿದರೆ ನೀರಿನ ಹಾಗೆ ಹರಿಯುತ್ತದೆ, ನಿಂತರೆ ಗಟ್ಟಿ ವಸ್ತುವಿನ ಹಾಗೆ ಗುಡ್ಡೆಯಾಗುತ್ತದೆ. ಮಗು ಮುಷ್ಟಿಯಿಂದ ಭತ್ತ ಸುರಿಸುತ್ತ ಹೋದಂತೆ ಗುಡ್ಡೆ ಎತ್ತರವಾಗುತ್ತದೆ, ಆದರೆ ಅದರ ಇಳಿಜಾರು ಮಾತ್ರ ಒಂದು ಹಂತದ ಆಚೆಗೆ ಕಡಿದಾಗದು. ಮತ್ತೆ ಸುರಿದದ್ದೆಲ್ಲ ಜಾರಿ ಬುಡ ಅಗಲವಾಗುತ್ತದೆ. ನಯವಾದ ಅಕ್ಕಿಯ ಗುಡ್ಡೆಗಿಂತ ಒರಟು ಹೊಟ್ಟಿನ ಭತ್ತದ ಗುಡ್ಡೆ ಹೆಚ್ಚು ಕಡಿದು. ಇಂಜಿನಿಯರುಗಳು ಇದನ್ನು ಕೋನದಲ್ಲಿ ಅಳೆಯುತ್ತಾರೆ, ಮಗು ಅಂಗೈಯಲ್ಲಿ ಅಳೆಯುತ್ತದೆ.

ತೆಂಗಿನ ಗೆರಟೆಯ ಒಂದು ಕಣ್ಣನ್ನು ಒಡೆದು ತೂತು ಮಾಡಿಕೊಡಿ. ರಾಗಿ ಹಾಕಿದರೆ ಸರ್ರನೆ ಇಳಿಯುತ್ತದೆ. ಭತ್ತ ಹಾಕಿದರೆ ನಾಲ್ಕು ಕಾಳು ಇಳಿದು ನಿಂತೇಬಿಡುತ್ತದೆ. ತೂತಿನ ಬಾಯಲ್ಲಿ ಕಾಳುಗಳು ಒಂದಕ್ಕೊಂದು ಆತುಕೊಂಡು ಕಮಾನು ಕಟ್ಟುತ್ತವೆ. ಆ ಕಮಾನು ಮೇಲಿನ ಭಾರವನ್ನೆಲ್ಲ ಬದಿಗೆ ದಾಟಿಸುತ್ತದೆ. ತೂತಿನ ಅಗಲ ಕಾಳಿನ ಗಾತ್ರದ ಐದಾರು ಪಟ್ಟಿಗಿಂತ ಕಡಿಮೆಯಾದರೆ ಹೀಗೆ ಕಟ್ಟಿಕೊಳ್ಳುವುದು ಸಾಮಾನ್ಯ. ಬೆರಳಲ್ಲಿ ಚುಚ್ಚಿದರೆ ಕಮಾನು ಕುಸಿದು ಮತ್ತೆ ಹರಿವು. ಮೂರೂವರೆ ವರ್ಷದ ಹುಡುಗಿಯೊಬ್ಬಳು ಈ ಚುಚ್ಚುವ ಕೆಲಸವನ್ನೇ ಹಿಡಿದು ಕೂತದ್ದನ್ನು ನೋಡಿದ್ದೇನೆ. ಅವಳ ದೊಡ್ಡಮ್ಮ "ಬಾ ಮಗಾ, ತಿಂಡಿ ತಿನ್ನು" ಎಂದು ಕರೆದರೆ "ಈಗ ಬರ್ಲಿಕ್ಕಾಗುದಿಲ್ಲ, ಇದು ಪುನಃ ನಿಲ್ತದೆ" ಎಂದಳು. ಪುನಃ ನಿಲ್ಲುತ್ತದೆ ಎಂದು ಮುಂದಾಗಿ ಹೇಳುವುದು, ಆಮೇಲೆ ನಿಂತಿತೇ ಎಂದು ನೋಡುವುದು: ವಿಜ್ಞಾನದ ಕ್ರಮದಲ್ಲಿ ಇದಕ್ಕಿಂತ ಹೆಚ್ಚಿನದೇನನ್ನೂ ಆ ವಯಸ್ಸಿಗೆ ನಾನು ಕೇಳಲಾರೆ.

ರಾಗಿಯ ಹರಿವಿನಲ್ಲಿ ಇನ್ನೊಂದು ಸೋಜಿಗವಿದೆ. ತೂತಿರುವ ಡಬ್ಬದಲ್ಲಿ ನೀರು ತುಂಬಿದರೆ ಮಟ್ಟ ಇಳಿದಂತೆ ಧಾರೆ ಸೊರಗುತ್ತದೆ. ರಾಗಿ ತುಂಬಿದರೆ ಹೆಚ್ಚುಕಡಿಮೆ ಕೊನೆಯವರೆಗೂ ಒಂದೇ ವೇಗ. ಡಬ್ಬದ ಗೋಡೆಗಳು ಕಾಳಿನ ಭಾರದ ಬಹುಪಾಲನ್ನು ಹೊತ್ತುಕೊಳ್ಳುವುದರಿಂದ ತಳದ ಒತ್ತಡ ಎತ್ತರದ ಜೊತೆ ಏರುತ್ತ ಹೋಗುವುದಿಲ್ಲ ಎಂದು ಜರ್ಮನಿಯ ಇಂಜಿನಿಯರ್ ಯಾನ್ಸೆನ್ 1895ರಲ್ಲಿ ತೋರಿಸಿದ. ಮರಳಗಡಿಯಾರದಲ್ಲಿ ಮರಳು ಸುರಿಯುವುದೂ ಹೀಗೆಯೇ ಸಮನಾಗಿ.

ಇನ್ನು ಲಿಂಬೆಹಣ್ಣು. ಒಂದು ಡಬ್ಬದ ತಳದಲ್ಲಿ ಲಿಂಬೆಯಿಟ್ಟು ಮೇಲೆ ಭತ್ತ ತುಂಬಿ, ಡಬ್ಬವನ್ನು ನೆಲಕ್ಕೆ ಮೆಲ್ಲಗೆ ಕುಟ್ಟುತ್ತ ಹೋಗಿ. ಲಿಂಬೆ ಮೇಲೆ ಬರುತ್ತದೆ. ಅಷ್ಟೇ ಗಾತ್ರದ ಭತ್ತಕ್ಕಿಂತ ಲಿಂಬೆ ಭಾರ, ಆದರೂ ಮೇಲೇರುತ್ತದೆ. ಪ್ರತಿ ಕುಟ್ಟಿಗೂ ಅದು ಚೂರು ಏಳುತ್ತದೆ, ಅಡಿಯ ಸಂದಿಗೆ ಸಣ್ಣ ಕಾಳು ನುಸುಳುತ್ತದೆ, ಲಿಂಬೆಗೆ ಮರಳಿ ಇಳಿಯಲು ಜಾಗವಿರುವುದಿಲ್ಲ. 1987ರಲ್ಲಿ ಆಂಟನಿ ರೊಸಾಟೊ ಮತ್ತಿತರರು ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ ಮೇಲೆ ಭೌತವಿಜ್ಞಾನಿಗಳಿಗೆ ಇದು ದೊಡ್ಡ ಚರ್ಚೆಯ ವಿಷಯವಾಯಿತು. ಡಬ್ಬದ ನಡುವೆ ಕಾಳುಗಳು ಮೇಲೇರಿ ಅಂಚಿನಲ್ಲಿ ಕೆಳಗಿಳಿಯುವ ಸುತ್ತಾಟವೂ ಇದರಲ್ಲಿ ಪಾಲುದಾರ ಎಂದು ಮುಂದೆ ತಿಳಿಯಿತು. ಗೆರಸೆ ಹಿಡಿದ ಅಜ್ಜಿಯಂದಿರಿಗೆ ಈ ವಿದ್ಯೆಯ ಒಂದು ತುಂಡು ಕೈವಶವಾಗಿತ್ತು. ಅಕ್ಕಿಯನ್ನು ಒಂದು ಲಯದಲ್ಲಿ ಅಲ್ಲಾಡಿಸಿ ಸುತ್ತಿಸಿದರೆ ಭತ್ತದ ಕಾಳು ಮೇಲೆ ತೇಲಿ ಒಂದೆಡೆ ಕೂಡುತ್ತದೆ, ನುಚ್ಚು ಅಡಿಗೆ ಸೇರುತ್ತದೆ.

ಹಿತ್ತಾಳೆ ದೀಪ ಮತ್ತು ಗೆರಟೆ ಎರಡನ್ನೂ ಹಾಳೆಯಲ್ಲಿ ರಾತ್ರಿಯಿಡೀ ಬಿಟ್ಟಿರಿ. ಬೆಳಿಗ್ಗೆ ಎರಡರ ಉಷ್ಣತೆಯೂ ಒಂದೇ, ಆದರೆ ಮುಟ್ಟಿದರೆ ದೀಪ ತಣ್ಣಗೆ, ಗೆರಟೆ ಅಷ್ಟಿಲ್ಲ. ನಮ್ಮ ಚರ್ಮ ವಸ್ತುವಿನ ಉಷ್ಣತೆಯನ್ನು ನೇರವಾಗಿ ಅಳೆಯುವುದಿಲ್ಲ, ತನ್ನಿಂದ ಎಷ್ಟು ಬೇಗ ಬಿಸಿ ಸೋರಿಹೋಗುತ್ತಿದೆ ಎಂದು ಗಮನಿಸುತ್ತದೆ. ಹಿತ್ತಾಳೆ ಬಿಸಿಯನ್ನು ಒಣಮರಕ್ಕಿಂತ ನೂರಾರು ಪಟ್ಟು ಸಲೀಸಾಗಿ ಸಾಗಿಸುತ್ತದೆ. ದೀಪವನ್ನು ಭತ್ತದೊಳಗೆ ಹೂತಿಟ್ಟು, ನೋಡದೆ ಹುಡುಕಲು ಹೇಳಿದರೆ ಮಕ್ಕಳು ಆಕಾರಕ್ಕಿಂತ ಮೊದಲು ಈ ತಂಪನ್ನೇ ಹಿಡಿದು ಎಳೆಯುವುದುಂಟು.

ಹೊದಳಿನ ಕಥೆ ಬೇರೆ. ಅದು ಕೈಗೆ ಬಲ ಕಲಿಸುವುದಿಲ್ಲ, ಹದ ಕಲಿಸುತ್ತದೆ. ಚಿಕ್ಕ ಮಕ್ಕಳು ಹಗುರವಾದುದನ್ನೂ ಅಗತ್ಯಕ್ಕಿಂತ ಬಿಗಿಯಾಗಿ ಹಿಡಿಯುತ್ತಾರೆ. ಎತ್ತುವ ಮೊದಲೇ ಭಾರವನ್ನು ಊಹಿಸಿ, ಬೇಕಾದಷ್ಟೇ ಬಿಗಿ ತರುವ ಜಾಣ್ಮೆ ಒಂದೆರಡು ವರ್ಷಕ್ಕೆ ಕೂಡಿಬರುವಂಥದ್ದಲ್ಲ; ಸ್ವೀಡನ್ನಿನ ಹಾನ್ಸ್ ಫೋರ್ಸ್‌ಬರ್ಗ್ 1991ರಿಂದ ಪ್ರಕಟಿಸಿದ ಅಧ್ಯಯನಗಳ ಪ್ರಕಾರ ಅದು ದೊಡ್ಡವರ ಮಟ್ಟಕ್ಕೆ ಬರಲು ಎಂಟು ವರ್ಷದ ಆಸುಪಾಸಾಗುತ್ತದೆ. ಹಾಗಾಗಿ ಮಗು ಹೊದಳನ್ನು ಹಿಚುಕಿ ಹುಡಿ ಮಾಡಿದರೆ ಬೈಯಬೇಡಿ. ಒಡೆಯದೆ ಎತ್ತಲು ಒಂದು ಹೊದಳು, ಎಷ್ಟು ಒತ್ತಿದರೂ ಒಡೆಯದ ಒಂದು ಗೆರಟೆ ತುಂಡು, ನಡುವೆ ಒತ್ತಿದರೆ ರಸ ಬಿಡುವ ಗೊಂಡೆ ಎಸಳು. ಈ ಮೂರನ್ನೂ ಮುಟ್ಟಿ ಬಂದ ಬೆರಳಿಗೆ ಹಿಡಿತದ ಮೂರು ಅಳತೆ ಸಿಕ್ಕಿತು.

ಅಳತೆಯೆಂದರೆ ಸೇರು, ಕುಡ್ತೆಗಳೂ ನೆನಪಾಗುತ್ತವೆ. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬ ಲೆಕ್ಕದಲ್ಲಿ ಅಕ್ಕಿ ಅಳೆದ ನಾಡು ಇದು. ಅಟ್ಟದಲ್ಲಿ ಹಳೆಯ ಸೇರು ಇದ್ದರೆ ಕೆಳಗಿಳಿಸಿ ಮಗುವಿಗೆ ಕೊಡಿ. ಒಂದೇ ಅಳತೆಯ ಅಕ್ಕಿಯನ್ನು ಅಗಲ ಬಟ್ಟಲಿಂದ ಉದ್ದ ಲೋಟಕ್ಕೆ ಸುರಿದರೆ ನಾಲ್ಕು ವರ್ಷದ ಮಗು "ಜಾಸ್ತಿ ಆಯ್ತು" ಎನ್ನುತ್ತದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ದಾಖಲಿಸಿದ ಪ್ರಸಿದ್ಧ ಸಂಗತಿ ಇದು. ಆರೇಳು ವರ್ಷದ ಹೊತ್ತಿಗೆ ಮಕ್ಕಳು ತಾವಾಗಿ ದಾಟುವ ಮೆಟ್ಟಿಲು. ದಾಟಿಸಲು ಅವಸರ ಮಾಡಿ ಪ್ರಯೋಜನವಿಲ್ಲ, ಸುರಿಯಲು ಬಿಟ್ಟರೆ ಸಾಕು.

ಬಣ್ಣಕ್ಕೆ ಅರಶಿನ. ಬೆಳ್ತಿಗೆಗೆ ಅರಶಿನ ನೀರು ಚಿಮುಕಿಸಿ ಒಣಗಿಸಿದರೆ ಹಳದಿ ಅಕ್ಕಿ. ಅರಶಿನದ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಆರತಿಯ ಓಕುಳಿ ನೀರು ಕೆಂಪಾಗುವುದೂ ಅರಶಿನಕ್ಕೆ ಸುಣ್ಣ ಸೇರಿ. ಸುಣ್ಣ ಎಳೆ ಚರ್ಮವನ್ನು, ಅದಕ್ಕಿಂತ ಹೆಚ್ಚಾಗಿ ಕಣ್ಣನ್ನು ಸುಡುತ್ತದೆ, ಆದ್ದರಿಂದ ಮಗುವಿನ ಕೈಗೆ ಕೊಡಬಾರದು. ಅಡುಗೆ ಸೋಡಾ ಕದಡಿದ ನೀರನ್ನು ನೀವೇ ಹನಿಹನಿಯಾಗಿ ಬಿಡಿ, ಹಳದಿ ಅಕ್ಕಿ ಕೆಂಪಿಗೆ ತಿರುಗುವುದನ್ನು ಮಗು ನೋಡಲಿ. ಮೇಲೆ ಲಿಂಬೆ ಹಿಂಡಿದರೆ ಬುಸ್ಸೆಂದು ನೊರೆಯೆದ್ದು ಮರಳಿ ಹಳದಿ. ಹಬ್ಬದ ದಿನ ಹಸುಗಳ ಮೈಮೇಲೆ ಶೇಡಿಯ ದುಂಡು ಅಚ್ಚು ಒತ್ತುವುದನ್ನು ಕಂಡ ಮಕ್ಕಳಿಗೆ ಗೆರಟೆಯ ಅಂಚನ್ನು ಕೆಮ್ಮಣ್ಣಿನ ನೀರಿಗೆ ಅದ್ದಿ ಹಾಳೆಯ ಮೇಲೆ ಒತ್ತಲು ಕೊಟ್ಟರೆ ಬೇರೆ ಆಟವೇ ಬೇಡ.

ಮಗುವಿನ ಕೈ ಏನು ಮಾಡುತ್ತಿದೆ ಎಂದು ಗಮನಿಸಲು ಒಂದು ಒಳ್ಳೆಯ ಕನ್ನಡಕವನ್ನು ಮನೋವಿಜ್ಞಾನಿಗಳಾದ ಸೂಸನ್ ಲೆಡರ್ಮನ್ ಮತ್ತು ರಾಬರ್ಟಾ ಕ್ಲಾಟ್ಜ್‌ಕಿ ನಮಗೆ ಕೊಟ್ಟಿದ್ದಾರೆ. ಕಣ್ಣು ಕಟ್ಟಿದ ದೊಡ್ಡವರ ಕೈಗೆ ಮನೆಬಳಕೆಯ ನೂರು ವಸ್ತುಗಳನ್ನು ಒಂದೊಂದಾಗಿ ಕೊಟ್ಟಾಗ ಅವರು ಬಹುಮಟ್ಟಿಗೆ ತಪ್ಪಿಲ್ಲದೆ, ಹೆಚ್ಚಿನವನ್ನು ಕೆಲವೇ ಸೆಕೆಂಡುಗಳಲ್ಲಿ, ಗುರುತಿಸಿದರೆಂದು ಇವರಿಬ್ಬರು 1985ರಲ್ಲಿ ವರದಿ ಮಾಡಿದರು. ಎರಡು ವರ್ಷದ ಬಳಿಕ ಕೈಯ ಚಲನೆಗಳನ್ನೇ ಚಿತ್ರೀಕರಿಸಿ ವಿಂಗಡಿಸಿದರು. ಒರಟು-ನಯ ತಿಳಿಯಲು ಕೈ ಅತ್ತಿತ್ತ ಉಜ್ಜುತ್ತದೆ, ಗಟ್ಟಿ-ಮೆತ್ತ ತಿಳಿಯಲು ಒತ್ತುತ್ತದೆ, ಬಿಸಿ-ತಂಪಿಗೆ ಸುಮ್ಮನೆ ಇಟ್ಟುಕೊಳ್ಳುತ್ತದೆ, ಭಾರಕ್ಕೆ ಎತ್ತಿ ತೂಗುತ್ತದೆ, ಗಾತ್ರಕ್ಕೆ ಮುಷ್ಟಿ ಕಟ್ಟುತ್ತದೆ, ಆಕಾರಕ್ಕೆ ಅಂಚು ಹಿಡಿದು ಸುತ್ತು ಬರುತ್ತದೆ. ಹಾಳೆಯ ಮುಂದೆ ಕೂತ ಮಗುವನ್ನು ಈ ಕಣ್ಣಿನಿಂದ ನೋಡಿ. ಸುಮ್ಮನೆ ಗೀಚುತ್ತಿದೆ, ಚೆಲ್ಲುತ್ತಿದೆ ಎಂದು ತೋರುತ್ತಿದ್ದುದರಲ್ಲಿ ಒಂದೊಂದು ಪ್ರಶ್ನೆ ಕಾಣತೊಡಗುತ್ತದೆ. ಆಗ ದೊಡ್ಡವರು ಮಾಡಬೇಕಾದ ದೊಡ್ಡ ಉಪಕಾರವೆಂದರೆ ಬಾಯಿ ಮುಚ್ಚಿಕೊಂಡಿರುವುದು. "ಇದೇನು ಬಣ್ಣ? ಎಷ್ಟಿದೆ ಎಣಿಸು ನೋಡುವ" ಎಂದು ನಡುವೆ ಬಾಯಿ ಹಾಕಿದರೆ ಕೈ ಕೇಳುತ್ತಿದ್ದ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ.

ಮುಟ್ಟಿ ತಿಳಿದದ್ದು ಕಣ್ಣಿಗೆ ತಾನಾಗಿ ತಿಳಿಯುತ್ತದೆಯೇ? ಹುಟ್ಟುಕುರುಡನಿಗೆ ದಿಢೀರನೆ ದೃಷ್ಟಿ ಬಂದರೆ, ಕೈಯಲ್ಲಿ ಅರಿತಿದ್ದ ಗೋಳವನ್ನೂ ಘನವನ್ನೂ ಅವನು ಮುಟ್ಟದೆ ಗುರುತಿಸಿಯಾನೇ ಎಂದು ಐರ್ಲೆಂಡಿನ ವಿಲಿಯಂ ಮಾಲಿನೊ 1688ರಲ್ಲೇ ದಾರ್ಶನಿಕ ಜಾನ್ ಲಾಕ್‌ನನ್ನು ಕೇಳಿದ್ದ. ಉತ್ತರದ ಬಹುಭಾಗ ಸಿಕ್ಕಿದ್ದು ನಮ್ಮ ದೇಶದಲ್ಲಿ. ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಯೋಜನೆಯಡಿ ದೆಹಲಿಯಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಆದ, 8ರಿಂದ 17 ವರ್ಷದ ಐವರನ್ನು ಪರೀಕ್ಷಿಸಿದ ವರದಿ 2011ರಲ್ಲಿ ಪ್ರಕಟವಾಯಿತು. ಪಟ್ಟಿ ಬಿಚ್ಚಿದ ಹೊಸತರಲ್ಲಿ, ಕೈಯಲ್ಲಿ ಹಿಡಿದ ಆಕಾರ ಕಣ್ಣೆದುರಿನ ಎರಡರಲ್ಲಿ ಯಾವುದು ಎಂದು ಹೇಳಲು ಅವರಿಗೆ ಆಗಲಿಲ್ಲ. ಉತ್ತರ ಹೆಚ್ಚುಕಡಿಮೆ ಊಹೆಯ ಮಟ್ಟದಲ್ಲೇ ಇತ್ತು. ಕೆಲವೇ ದಿನಗಳಲ್ಲಿ ಮತ್ತೆ ಪರೀಕ್ಷಿಸಿದವರಲ್ಲಿ ಅದು ಬಹಳಷ್ಟು ಸುಧಾರಿಸಿತು. ಕಣ್ಣೂ ಕೈಯೂ ಒಂದನ್ನೊಂದು ಕಲಿತುಕೊಳ್ಳಬೇಕು, ಮತ್ತು ಅವಕಾಶ ಕೊಟ್ಟರೆ ಬೇಗ ಕಲಿಯುತ್ತವೆ. ಹೀಗೆಂದ ಮಾತ್ರಕ್ಕೆ ಇಂಥ ಆಟದಿಂದ ಮಗುವಿನ ಬುದ್ಧಿ ಇಷ್ಟು ಪಾಲು ಏರುತ್ತದೆ ಎಂಬ ಕಿಟ್ಟಿನ ಜಾಹೀರಾತುಗಳನ್ನು ನಂಬಬೇಕಾಗಿಲ್ಲ. ಅಂಥ ಭರವಸೆ ನಾನು ಕೊಡುವುದಿಲ್ಲ. ಮಗು ತಾನಾಗಿ ಅಷ್ಟು ಹೊತ್ತು ತನ್ಮಯವಾಗಿ ಹುಡುಕುವ ಅವಕಾಶವೇ ನನಗೆ ಸಾಕಾದಷ್ಟು ದೊಡ್ಡದು.

ಕೆಲವು ಮಕ್ಕಳಿಗೆ ಅಂಟು, ಒರಟು, ಧೂಳು ಸಹಿಸಲಾಗುವುದಿಲ್ಲ. ಕೈ ಹಿಂದಕ್ಕೆಳೆಯುತ್ತಾರೆ, ಅಳುತ್ತಾರೆ. ಅವರ ಕೈಹಿಡಿದು ಒಳಗೆ ಅದ್ದುವುದು ಕ್ರೌರ್ಯ. ಸೌಟು ಕೊಡಿ, ಅಂಚಿನಲ್ಲಿ ಕೂರಲು ಬಿಡಿ.

ಈಗ ಎಚ್ಚರಿಕೆಯ ಮಾತು. ಈ ಭಾಗವನ್ನು ದಯವಿಟ್ಟು ದಾಟಿ ಹೋಗಬೇಡಿ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ಒಣ ಕಾಳಿನ ಆಟ ಬೇಡವೇ ಬೇಡ. ಅಮೆರಿಕದ ಆಟಿಕೆ ನಿಯಮದಲ್ಲಿ 31.7 ಮಿಲಿಮೀಟರ್ ಅಗಲದ ಒಂದು ಕೊಳವೆಯಿದೆ. ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಮೂರು ವರ್ಷದ ಒಳಗಿನ ಮಕ್ಕಳ ಆಟಿಕೆಯಲ್ಲಿ ಇರುವಂತಿಲ್ಲ. ಕಡಲೆ, ನೆಲಗಡಲೆ, ಅವರೆಕಾಳು ಉಸಿರ್ನಾಳಕ್ಕೋ ಮೂಗಿಗೋ ಹೋದರೆ ಒಳಗೆ ತೇವ ಹೀರಿ ಉಬ್ಬುತ್ತವೆ. ಪುಟ್ಟವರಿಗೆ ಕಡುಬಿನ ಹಿಟ್ಟಿನ ಮುದ್ದೆ, ಪರಿಮಳದ ಅರಶಿನ ಎಲೆ, ದೊಡ್ಡ ಹಿತ್ತಾಳೆ ಚೊಂಬು, ಒಂದಿಷ್ಟು ನೀರು ಸಾಕು. ನೀರಿದ್ದಲ್ಲಿಂದ ಮಾತ್ರ ಕದಲಬೇಡಿ. ಎರಡಿಂಚು ನೀರಲ್ಲೂ ಮಗುವಿನ ಉಸಿರು ಕಟ್ಟಬಲ್ಲದು.

ಗುಲಗಂಜಿ ಎಂದೂ ಬೇಡ. ನೋಡಲು ಅಷ್ಟು ಚೆಲುವಾದ ಆ ಕೆಂಪು-ಕಪ್ಪು ಬೀಜದೊಳಗೆ ಜೀವಕೋಶಗಳ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುವ ಅಬ್ರಿನ್ ಎಂಬ ಘೋರ ವಿಷವಿದೆ. ಗಟ್ಟಿ ಸಿಪ್ಪೆ ಒಡೆಯದಿದ್ದರೆ ನುಂಗಿದ್ದು ಹಾಗೇ ಹೊರಹೋಗಬಹುದು. ಜಗಿದರೆ ಜೀವಕ್ಕೆ ಅಪಾಯ. ಆಟಿ ತಿಂಗಳಲ್ಲಿ ಚೆನ್ನೆಮಣೆಗೆ ಬಳಸುವ ಪೂರ್ತಿ ಕೆಂಪಿನ ಮಂಜೊಟ್ಟಿ ಬೇರೆ ಮರದ್ದು, ಆದರೆ ಅದೂ ಬಾಯಿಗೆ ಹೋಗಬಾರದು. ಚೆನ್ನೆ ಆಡುವಷ್ಟು ದೊಡ್ಡವರಿಗೇ ಅದು ಇರಲಿ. ಅಡಿಕೆಯ ಹಾಳೆ ಬಳಸಿ, ಅಡಿಕೆ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ದೀಪಾವಳಿಗೆಂದೇ ಮಾರುವ ಬ್ಯಾಟರಿ ಹಣತೆ ಬೆಂಕಿಯಿಲ್ಲದ್ದು, ಹಾಗಾಗಿ ಮಕ್ಕಳಿಗೆ ಸುರಕ್ಷಿತ ಎಂಬುದು ತಪ್ಪು ನಂಬಿಕೆ. ಹಲವು ಹಣತೆಗಳ ಅಡಿಯಲ್ಲಿ ಗುಂಡಿಯಾಕಾರದ ಸೆಲ್ ಇರುತ್ತದೆ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಸುತ್ತಲಿನ ತೇವದ ಮೂಲಕ ವಿದ್ಯುತ್ ಹರಿದು, ಬಲವಾದ ಕ್ಷಾರ ಹುಟ್ಟಿ, ಎರಡೇ ಗಂಟೆಯಲ್ಲಿ ಗಂಭೀರವಾಗಿ ಸುಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ನೇರ ದೊಡ್ಡ ಆಸ್ಪತ್ರೆಗೆ ಓಡಬೇಕು. ಹೂದಾನಿಗೆಂದು ಮಾರುವ ಬಣ್ಣದ ಜೆಲ್ಲಿ ಗುಂಡುಗಳೂ ಹಾಗೆಯೇ: ಸಾಸಿವೆಯಷ್ಟಿದ್ದದ್ದು ನೀರು ಕುಡಿದು ಗೋಲಿಯಷ್ಟಾಗುತ್ತದೆ, ಹೊಟ್ಟೆಯೊಳಗೆ ಹಾಗಾದರೆ ಕರುಳು ಕಟ್ಟುತ್ತದೆ. ಇವೆರಡೂ ಆಟದ ಹತ್ತಿರ ಸುಳಿಯಬಾರದು.

ಪರ್ಬಕ್ಕೆ ಮಾತ್ರ ಇದು ಸೀಮಿತವಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಇಲ್ಲಿನ ಕ್ರೈಸ್ತರ ಮನೆಮಕ್ಕಳು ಬುಟ್ಟಿಯಲ್ಲಿ ಹೂ ಕೊಯ್ದು ಚರ್ಚಿಗೆ ಒಯ್ಯುತ್ತಾರೆ, ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಹೂವಿನ ಎಸಳನ್ನೂ ಹಸಿ ತೆನೆಯನ್ನೂ ಒಟ್ಟಿಗೆ ಮುಟ್ಟಿ ನೋಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಕ್ರಿಸ್‌ಮಸ್ಸಿನ ತಿಂಡಿಗಳಾದ ಕುಸ್ವಾರಿಗೆ ಕಿಡಿಯೊ ಮಾಡುವಾಗ ಹಿಟ್ಟಿನ ಉಂಡೆಯನ್ನು ಮುಳ್ಳುಚಮಚದ ಬೆನ್ನಿಗೆ ಒತ್ತಿ ಸುರುಳಿಯೆಳೆಯುವ ಕೆಲಸ ಪುಟ್ಟ ಹೆಬ್ಬೆರಳಿಗೆ ಹೇಳಿ ಮಾಡಿಸಿದಂತಿದೆ. ಪೆರ್ನಾಲಿಗೆ, ಅಂದರೆ ಈದ್ ಹಬ್ಬಕ್ಕೆ, ಅಮ್ಮ ಅಕ್ಕಿರೊಟ್ಟಿಗೆ ಹಿಟ್ಟು ನಾದುವಾಗ ಪಕ್ಕದಲ್ಲಿ ಕೂತ ಮಗುವಿಗೂ ಒಂದು ಉಂಡೆ ಸಿಗಲಿ.

ಆಟ ಮುಗಿಯುವ ಹೊತ್ತಿಗೆ ಭತ್ತ, ಹೊದಳು, ಎಸಳು, ರಾಗಿ ಎಲ್ಲ ಒಂದಾಗಿರುತ್ತವೆ. ಗುಡಿಸಿ ಎಸೆಯಬೇಡಿ, ಬೇರ್ಪಡಿಸುವುದೂ ಆಟವೇ. ಮೊದಲು ಎಸಳುಗಳನ್ನು ಮಗು ಕೈಯಲ್ಲಿ ಹೆಕ್ಕಲಿ. ಆಮೇಲೆ ಜರಡಿಯಲ್ಲಿ ರಾಗಿ ಕೆಳಗಿಳಿಯುತ್ತದೆ. ಉಳಿದದ್ದನ್ನು ಗೆರಸೆಗೆ ಹಾಕಿ ಅಜ್ಜಿ ಮೆಲ್ಲಗೆ ಕೇರಿದರೆ ಹೊದಳು ಮುಂದೆ ಹಾರಿ ಬೀಳುತ್ತದೆ, ಭತ್ತ ಹಿಂದೆ ನಿಲ್ಲುತ್ತದೆ. ಹಗುರವಾಗಿ ಅಗಲವಾಗಿರುವುದನ್ನು ಗಾಳಿ ಹೆಚ್ಚು ತಡೆದು ತಳ್ಳುತ್ತದೆ. ಮಗುವಿನ ಅಳತೆಗೆ ಒಂದು ಪುಟ್ಟ ಗೆರಸೆ ಸಿಕ್ಕಿದರೆ ತಂದಿಡಿ. ಭತ್ತವನ್ನು ಮತ್ತೊಮ್ಮೆ ಬಿಸಿಲಿಗೆ ಹಾಕಿ ಮುಚ್ಚಳದ ಡಬ್ಬದಲ್ಲಿ ತುಂಬಿಟ್ಟರೆ ಮುಂದಿನ ಹಬ್ಬದವರೆಗೆ ಬರುತ್ತದೆ. ತೇವ ತಾಗಿ ಬೂಷ್ಟು ವಾಸನೆ ಬಂದರೆ ಇಟ್ಟುಕೊಳ್ಳಬೇಡಿ, ಕೋಳಿಗೂ ಹಾಕಬೇಡಿ, ಗೊಬ್ಬರದ ಗುಂಡಿಗೆ ಸೇರಿಸಿ.